ಫಿನಾಯಿಲಮ್ಮ ಬಳಿದ ಗೋಡೆ

ಆಸ್ಪತ್ರೆಯಲ್ಲಿ ನೆಲ ಒರೆಸುವ ಅವಳನ್ನು ಎಲ್ಲರೂ ಫಿನಾಯಿಲಮ್ಮ ಎಂದೇ ಕರೆಯುತ್ತಿದ್ದರು. ಎಲ್ಲಿ ಕಲೆ ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹೆತ್ತ ಮಗಳು ಮಾತ್ರ ಅವಳಿಗೆ ಬಿಡಿಸಲಾರದ ಒಗಟು. ಹುಡುಗಿ ಡಿಗ್ರಿ ಓದುತ್ತಿದ್ದಳು. ಮುಂದೆ ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ.

"ಹಂಗಂದ್ರೆ ಡಾಕ್ಟರಾ?"

"ಅಲ್ಲಮ್ಮ."

"ನರ್ಸಾ?"

"ಅಲ್ಲ. ರೋಗ ಯಾಕೆ ಬರುತ್ತೆ ಅಂತ ಹುಡುಕೋದು."

"ಬಂದಿರೋದನ್ನ ವಾಸಿ ಮಾಡೋಕೇ ಜನ ಇಲ್ಲ, ಇವಳು ಬರೋದನ್ನ ಹುಡುಕ್ಕೊಂಡು ಹೋಗ್ತಾಳಂತೆ!"

ಇಂಥ ಓದಿಗೆಂದೇ ಬಡಮಕ್ಕಳಿಗೆ ಒಂದು ವಿದ್ಯಾರ್ಥಿವೇತನವಿತ್ತು. ಸಿಕ್ಕರೆ ಓದು ಮುಂದುವರಿಯುತ್ತದೆ; ಇಲ್ಲದಿದ್ದರೆ ಮಗಳ ಕೈಗೂ ನೆಲ ಒರೆಸುವ ಕೋಲೇ. ಆ ವೇತನ ಕೊಡುವವರ ಕಡೆಯ ಮೇಡಂ ಒಬ್ಬರು ಮನೆಗೆ ಬರುತ್ತಾರೆಂದು ಗೊತ್ತಾಯಿತು. ಏನು ನೋಡಲು ಎಂದು ಮಗಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಮಗಳು ಕಾಲೇಜಿಗೆ ಹೋದದ್ದೇ ತಡ, ಟೊಂಕ ಕಟ್ಟಿ ನಿಂತಳು. ಮಲಗುವ ಕೋಣೆಯ ತೇವದ ಗೋಡೆಗೆ ಹಬ್ಬಿದ್ದ ಕಪ್ಪು ಬೂಷ್ಟನ್ನು ತಿಕ್ಕಿ ತೊಳೆದು ಸುಣ್ಣ ಬಳಿದಳು. ಹಳೆಯ ಉಬ್ಬಸ ಕೆರಳಿತು, ಆದರೂ ಹೆಮ್ಮೆಗೇನೂ ಕಮ್ಮಿಯಿರಲಿಲ್ಲ.

ಸಂಜೆ ಮಗಳು ಮೇಡಂ ಅವರನ್ನು ಕರೆದುಕೊಂಡೇ ಬಂದಳು. ಗೋಡೆ ನೋಡಿದವಳೇ ಪೆಚ್ಚಾದಳು.

"ಎಲ್ಲಿದೆಯಮ್ಮಾ ನೀನು ಹೇಳಿದ ಬೂಷ್ಟು?" ಎಂದು ಹುಡುಗಿಯನ್ನು ಕೇಳಿದರು ಮೇಡಂ. ಮನೆಯ ಬೂಷ್ಟಿಗೂ ಜನರ ಉಬ್ಬಸಕ್ಕೂ ಏನು ನಂಟು ಎಂಬುದೇ ಹುಡುಗಿ ಸಂಶೋಧನೆಗೆ ಆರಿಸಿಕೊಂಡ ವಿಷಯ. ಅವರು ಬಂದದ್ದೇ ಆ ಗೋಡೆ ನೋಡಲು.

ಫಿನಾಯಿಲಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಕೊಳೆ ನೋಡಲು ಯಾರಾದರೂ ಮನೆಗೆ ಬರುತ್ತಾರೆಯೇ? ಮಗಳ ಕಣ್ಣಲ್ಲಿ ನೀರು ಕಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಬೇಜಾರಾಗ್ಬೇಡಿ ಮೇಡಂ, ಅದು ಮತ್ತೆ ಬರುತ್ತೆ! ಎಷ್ಟು ಬಳಿದ್ರೂ ಬಂದಿದೆ, ಒಂದು ಸಲಾನೂ ಕೈಕೊಟ್ಟಿಲ್ಲ!"

ಮೇಡಂ ನಕ್ಕರು. "ಬರ್ಲಿ. ಬಂದ ಮೇಲೆ ಹೇಳಿ ಕಳಿಸಿ, ನಾನೂ ಬರ್ತೀನಿ. ಅಲ್ಲೀವರೆಗೆ ಸ್ಕಾಲರ್‌ಶಿಪ್ ವಿಷಯ ಏನೂ ಹೇಳೋಕಾಗಲ್ಲ."

ಮಳೆ ಹಿಡಿಯಿತು. ದಿನಾ ಕೆಲಸದಿಂದ ಬಂದವಳೇ ಫಿನಾಯಿಲಮ್ಮ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಕೊನೆಗೊಂದು ದಿನ ಅವಳ ದಿಂಬಿನ ಮೇಲ್ಗಡೆ ಸಾಸಿವೆಯಷ್ಟು ಕಪ್ಪು ಕಂಡಿತು. ಕೈ ತಾನಾಗಿ ಬ್ರಷ್ಷಿಗೆ ಹೋಗಿ ಅರ್ಧದಲ್ಲೇ ನಿಂತಿತು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಕೂಗಿದಳು: "ಬಾರೇ, ಬಂತು ನಿನ್ನ ಬೂಷ್ಟು!"

ಮಗಳು ಓಡಿ ಬಂದಳು. ತಾಯಿಯ ಎದೆ ಗೊರಗೊರ ಎನ್ನುತ್ತಿತ್ತು. ಹುಡುಗಿ ಅಮ್ಮನ ದಿಂಬನ್ನು ಆಚೆ ಬದಿಗೆ ಎಳೆದಳು. "ಇನ್ಮೇಲೆ ನೀನು ಈ ಕಡೆ ಮಲಕ್ಕೋ."

ತಾಯಿ ದಿಂಬನ್ನು ಕಿತ್ತುಕೊಂಡು ಮೊದಲಿನ ಜಾಗದಲ್ಲೇ ಇಟ್ಟಳು. "ಉಬ್ಬಸಾನೂ ನೋಡ್ಬೇಕಲ್ವೇನೇ ಅವ್ರು? ಮೇಡಂ ಬರೋವರೆಗೆ ಇಲ್ಲೇ ಮಲಗ್ತೀನಿ, ಬಿಡು."

ಮಗಳು ಆ ಗಳಿಗೆಯಲ್ಲೇ ಮೇಡಂಗೆ ಫೋನು ಮಾಡಿದಳು.