ಆರ್ವಿಲಾ ಹೊತ್ತು ತಂದ ಚೀಲಗಳು

ಆರ್ವಿಲಾ ಸ್ಟಾಕ್ಸ್ ಇಪ್ಪತ್ತೆರಡು ವರ್ಷ ನನ್ನ ಜೊತೆ ಕಣಿವೆಯ ಕ್ಯಾಂಪುಗಳಲ್ಲಿ ಪಾಯಿಖಾನೆ ತೊಳೆದವಳು. ಯೂಟಾದ ಈ ಕೆಂಪು ಬಂಡೆಗಳ ನಡುವೆ ಬಂದವರು ಸೂರ್ಯಾಸ್ತದ ಫೋಟೊ ಹಿಡಿದುಕೊಂಡು ಹೋಗುತ್ತಿದ್ದರು. ಅವರು ಬಿಟ್ಟು ಹೋದದ್ದನ್ನು ನಾವು ಬಳಿಯುತ್ತಿದ್ದೆವು. ಮೂಗಿಗೆ ಬಟ್ಟೆ ಕಟ್ಟದೆ ಒಳಗೆ ಹೋಗುತ್ತಿದ್ದವಳು ಅವಳೊಬ್ಬಳೇ. "ವಾಸನೆ ಅರ್ಧ ಗಂಟೇಲಿ ಅಭ್ಯಾಸ ಆಗತ್ತೆ. ಜನರೇ ಅಭ್ಯಾಸ ಆಗಲ್ಲ" ಎನ್ನುತ್ತಿದ್ದಳು.

ಹೋದ ವರ್ಷ ನಿವೃತ್ತಳಾದಾಗ ಸಾಲ್ಟ್ ಲೇಕ್ ಪಟ್ಟಣದಲ್ಲಿರುವ ಮಗಳು ಟ್ಯಾಮ್ಸಿನ್ ಫೋನ್ ಮಾಡಿದಳು. "ಅಮ್ಮಾ, ಈ ಸಲ ನೀನೂ ಮಜಾ ಮಾಡೋಕೆ ಬಾ. ಮೂರು ದಿನ, ನಾವು ಮೂರೇ ಜನ."

ಆರ್ವಿಲಾ ಹೊಸ ಬೂಟು ಕೊಂಡಳು. ಈಜುಕೊಳ ಕಟ್ಟಿಸಿಕೊಡುವ ವ್ಯಾಪಾರದ ಅಳಿಯ ಬ್ರಾಕ್ ಹಗ್ಗ, ಹೆಲ್ಮೆಟ್ಟು ಎಲ್ಲ ತಂದಿದ್ದ. ಮೊದಲ ದಿನ ಅರವತ್ತಮೂರರ ಆ ಹೆಂಗಸು ಹಗ್ಗ ಹಿಡಿದು ಇಕ್ಕಟ್ಟಾದ ಕಣಿವೆಯೊಳಗೆ ಇಳಿದಳಂತೆ, ಕೆಳಗೆ ಕಾಲೂರಿ ಕೇಕೆ ಹಾಕಿದಳಂತೆ.

ಆ ಕಣಿವೆಯಲ್ಲಿ ಗುಂಡಿ ತೋಡಿ ಮುಚ್ಚುವಂತಿಲ್ಲ. ಅವರವರ ಮಲವನ್ನು ಚೀಲಕ್ಕೆ ಕಟ್ಟಿ ಅವರವರೇ ಹೊತ್ತು ಹೊರಗೆ ತರಬೇಕು. "ಚೀಲಕ್ಕೆ ಕಟ್ಟೋದು ನಾಯೀದು. ನಾನೇನು ನಾಯೀನಾ?" ಎಂದು ಬ್ರಾಕ್ ನಕ್ಕಿದ್ದ. ಮೂರನೆಯ ದಿನ ಬೆಳಿಗ್ಗೆ ಕಣಿವೆ ಹತ್ತಿ ಬರುವಾಗ ಅವನ ಬೆನ್ನುಚೀಲ ತೀರಾ ಹಗುರಾಗಿ ಕಂಡಿತು.

"ಬ್ರಾಕ್, ನೀನು ಕಟ್ಟಿದ ಚೀಲ ಎಲ್ಲಿ?"

"ಒಳಗಡೆ ಇದೆ, ಆರ್ವಿಲಾ. ನೀವು ನಡೀರಿ."

ಅವಳು ನಡೆಯಲಿಲ್ಲ, ಹಿಂದಕ್ಕೆ ಇಳಿದಳು. ರಾತ್ರಿ ಮಲಗಿದ್ದ ಜಾಗದ ಮೇಲೆ, ಬಂಡೆಯ ಸೂರಿನಡಿ, ನೂರಾರು ವರ್ಷದ ಹಿಂದೆ ಇಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳ ತುಂಬಿಡುತ್ತಿದ್ದ ಮಣ್ಣಿನ ಕಣಜವಿತ್ತು. ಮೆತ್ತಿದವರ ಬೆರಳಚ್ಚು ಗೋಡೆಯ ಮೇಲೆ ಇನ್ನೂ ಇತ್ತು. ಅದರ ಪುಟ್ಟ ಬಾಗಿಲೊಳಗೆ ಬ್ರಾಕ್ ತನ್ನ ಚೀಲ ತುರುಕಿದ್ದ. ಪಕ್ಕದಲ್ಲಿ ಬೇರೆ ಯಾರೋ ಎಸೆದ ನಾಲ್ಕು ಚೀಲ ಬಿದ್ದಿದ್ದವು, ಕಾಗೆಗಳು ಅವನ್ನು ಕುಕ್ಕಿ ಹರಿದಿದ್ದವು. ಅಷ್ಟು ವರ್ಷದಲ್ಲಿ ಒಮ್ಮೆಯೂ ಓಕರಿಸದವಳು ಅಲ್ಲಿ ಕುಸಿದು ಕೂತು ವಾಂತಿ ಮಾಡಿಕೊಂಡಳು. ಆಮೇಲೆ ತಿಂಡಿಯ ಗೋಣಿ ಖಾಲಿ ಮಾಡಿ ಐದನ್ನೂ ಅದಕ್ಕೆ ತುಂಬಿ ಮೇಲೆ ಹತ್ತಿದಳು.

"ಅದು ನಂದಲ್ಲ" ಎಂದ ಬ್ರಾಕ್.

"ಐದರಲ್ಲಿ ಒಂದು ಇನ್ನೂ ಬೆಚ್ಚಗಿದೆ ಕಣಯ್ಯ."

ಟ್ಯಾಮ್ಸಿನ್ ತಾಯಿಯ ತೋಳು ಹಿಡಿದಳು. "ಹೋಗ್ಲಿ ಬಿಡಮ್ಮ, ರಜ ಹಾಳು ಮಾಡ್ಬೇಡ. ಯಾರಾದ್ರೂ ಬಂದು ತೆಗೀತಿದ್ರು."

"ಯಾರಾದ್ರೂ ಅಂದ್ರೆ ಯಾರೇ? ನಾನೇ ಕಣೇ ಅದು. ನಿನ್ನ ಓದಿಸಿದ್ದೂ ಆ 'ಯಾರಾದ್ರೂ'ನೇ."

ಹೊಸ ಕಾರಿನೊಳಗೆ ಆ ಗೋಣಿ ಬೇಡವೆಂದ ಬ್ರಾಕ್. ಹಾಗಾದರೆ ನಾನೂ ಬೇಡ ಎಂದು ಆರ್ವಿಲಾ ಗೋಣಿ ಹೊತ್ತು ಮಣ್ಣುರಸ್ತೆ ಹಿಡಿದಳು. ಆರು ಮೈಲಿ ನಡೆದು, ಡಾಂಬರು ರಸ್ತೆಯ ಅಂಗಡಿಯಿಂದ ನನಗೆ ಫೋನ್ ಮಾಡಿದಳು. ನಾನು ಪಿಕಪ್ ತೆಗೆದುಕೊಂಡು ಹೋದಾಗ ನಲ್ಲಿಯ ಕೆಳಗೆ ಕೈ ಉಜ್ಜುತ್ತಲೇ ಇದ್ದಳು, ಚರ್ಮ ಕೆಂಪಾಗಿತ್ತು.

"ಅಳಿಯ ಅಂಥೋನು ಅಂತ ಗೊತ್ತಿತ್ತು ಬಿಡು" ಎಂದಳು. "ಆದ್ರೆ ಇವಳನ್ನ ಹೆತ್ತಿದ್ದು ನಾನು. ಇವಳ ಮುಖ ನೋಡಿದ್ರೆ ಹೇಸಿಗೆ ಆಗತ್ತೆ."

ಮನೆಮಂದಿಯೆಲ್ಲ ಸೇರಿ ಟರ್ಕಿ ಕೋಳಿ ಉಣ್ಣುವ ನವೆಂಬರಿನ ಹಬ್ಬದೂಟಕ್ಕೆ ಮಗಳು ಎರಡು ಸಲ ಕರೆದಳು. ಆರ್ವಿಲಾ ಹೋಗಲಿಲ್ಲ. ನಮ್ಮ ಮನೆಯಲ್ಲಿ ಟರ್ಕಿ ಕೋಳಿ ಎರಡೆರಡು ಸಲ ಹಾಕಿಸಿಕೊಂಡು, ಚೆನ್ನಾಗಿ ಉಂಡು ಹೋದಳು.