ನಳಿಕೆಯೊಳಗಿನ ಎರಡನೆಯ ಗುಂಡು

'ನಾನೇ ಕಿವಿಯಾರೆ ಕೇಳಿದ್ದೇನೆ' ಎಂದು ಆಣೆ ಹಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು ನಾನು. ನೆನಪು ಎಷ್ಟು ಸುಳ್ಳು ಹೇಳುತ್ತದೆಂದು ಕಂಡವರಿಗೆಲ್ಲ ಪಾಠ ಹೇಳಿದವನು. ಆ ಮಾತು ನನ್ನ ನೆನಪಿಗೂ ಸಲ್ಲುತ್ತದೆಂದು ಮಾತ್ರ ಹೊಳೆದಿರಲಿಲ್ಲ. ನೀವು ನಂಬಬೇಕೆಂದು ಇದನ್ನು ಬರೆಯುತ್ತಿಲ್ಲ. ನಾನೇ ಅರ್ಧ ನಂಬಿದ್ದೇನೆ.

ಮಳೆ ಕೈಕೊಟ್ಟ ಎರಡನೆಯ ವರ್ಷ. ಭಾಲ್ಕಿ, ಔರಾದ ಕಡೆಯ ಬಸ್ಸುಗಳು ಗಂಟುಮೂಟೆ ಹೊತ್ತವರಿಂದ ತುಂಬಿ ಹೈದರಾಬಾದಿನ ದಾರಿ ಹಿಡಿಯುತ್ತಿದ್ದವು. ನನಗೆ ಆಗಲೇ ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ ಬಂದೂಕಿನ ಹುಚ್ಚು ಹತ್ತಿತ್ತು. ಯಾವ ಹವ್ಯಾಸವನ್ನೂ ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡವನಲ್ಲ ನಾನು. ಇದು ಮಾತ್ರ ಬಿಡಲಿಲ್ಲ. ಓಡಾಡಿ ಲೈಸೆನ್ಸ್ ಪಡೆದೆ. ಅಸಲು ಹಳೆಯದನ್ನು ಹಾರಿಸಲು ಧೈರ್ಯವಿರಲಿಲ್ಲ. ತುಕ್ಕು ತಿಂದ ನಳಿಕೆ ಎಲ್ಲಿ ಸೀಳುವುದೋ ಹೇಳಲಾಗದು. ಹೊಸದಾಗಿ ಮಾಡಿದ ನಕಲು ಬೇಕಿತ್ತು. ಬೀದರಿನ ಬಂದೂಕಿನ ಅಂಗಡಿಯವರು, ತಮಗೆ ಕೆಲಸ ಮಾಡಿಕೊಡುವ ಭಾಲ್ಕಿಯ ಕಾಶಪ್ಪನವರ ಹತ್ತಿರ ಕಳಿಸಿದರು.

ಕಾಶಪ್ಪ ಕಾಕಾ ಅರವತ್ತು ದಾಟಿದ ಕಮ್ಮಾರರು. ತಮ್ಮ ಅಜ್ಜ ಮಾಡಿದ್ದ ಬಂದೂಕನ್ನು ಮುಂದಿಟ್ಟುಕೊಂಡು ಅದರ ಒಂದೊಂದು ತಿರುಪನ್ನೂ ಹೊಸದಕ್ಕೆ ಇಳಿಸುತ್ತಿದ್ದರು. ಹಿಡಿಯ ಕಟ್ಟಿಗೆಗೆ ಬಿದ್ರಿ ಕೆಲಸದವರಂತೆ ಬೆಳ್ಳಿ ತಂತಿಯ ಬಳ್ಳಿ ಕೂಡಿಸಿದ್ದರು. ಬೆರಳಾಡಿಸಿದರೆ ಕಟ್ಟಿಗೆ ಎಲ್ಲಿ ಮುಗಿಯಿತು, ಬೆಳ್ಳಿ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಅಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ. ನಾನು ಹಾರಿಸಿ ಸೈ ಎಂದರೆ ಅವರಿಗೆ ಇನ್ನಷ್ಟು ಕೆಲಸ ಕೊಡುವುದಾಗಿ ಅಂಗಡಿಯವರು ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಅವರೂ ಊರವರಂತೆ ಹೈದರಾಬಾದಿನಲ್ಲಿ ಯಾವುದೋ ಗೇಟು ಕಾಯುತ್ತ ಉಳಿಯಬೇಕು.

ಬಂದೂಕು ತರಲು ಹೋದ ದಿನ ಕಾಕಾ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಮೂರು ಗುಂಡು ಹಾರಿಸಿ ತೋರಿಸಿದರು. ಗುಂಡು ನಳಿಕೆಯಲ್ಲಿ ಬಿಗಿಯಾಗಿ ಕೂರಲೆಂದು ಅದಕ್ಕೆ ಸುತ್ತಲು ತಮ್ಮ ಹಳೆಯ ಕೆಂಪು ರುಮಾಲನ್ನೇ ಹರಿದಿದ್ದರು. ನಾನೂ ಒಂದೆರಡು ಚೂರು ಕೇಳಿದೆ.

"ನಿಮ್ಮ ಬಂದೂಕಿಗಿ ನಿಮ್ಮ ಮನಿ ಬಟ್ಟಿನೇ ಇರ್ಲಿರಿ. ನನ್ನ ರುಮಾಲು ಎಷ್ಟಂತ ಹರೀಲಿ?" ಎಂದು ನಕ್ಕರು.

ಆಮೇಲೆ ಗಜವನ್ನು, ಅಂದರೆ ಮದ್ದು ಗುಂಡನ್ನು ಒಳಗೆ ದೂಡುವ ಕಬ್ಬಿಣದ ಸಲಾಕೆಯನ್ನು, ನಳಿಕೆಯೊಳಗೆ ಬಿಟ್ಟರು. ಠಣ್ ಎಂದಿತು.

"ಖಾಲಿ ಇದ್ರ ಗಜ ಹಾಡ್ತದರಿ, ತುಂಬಿದ್ರ ಮೂಕ. ತುಂಬೂ ಮೊದಲ ಒಮ್ಮಿ, ಹಾರಸೂ ಮೊದಲ ಒಮ್ಮಿ ಹಾಕಿ ನೋಡ್ರಿ. ಸಾಲಿ ಕಲ್ತವರು ನೀವು, ಮರೀತೀರಿ."

ತುಂಬಿದಾಗ ಗಜ ನಾಲ್ಕು ಬೆರಳು ಹೊರಗೆ ನಿಲ್ಲುತ್ತದೆಂದೂ ಹೇಳಿದರು. ಕೊಡುವಾಗ ಹಿಡಿಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಅದು ಅವರ ರೂಢಿ. ಎರಡು ದಿನ ಬಿಟ್ಟು, ಅಂಗಡಿಯವರ ಕರೆ ಬರುವವರೆಗೆ ಕೂಲಿಗೆಂದು ಹೈದರಾಬಾದಿಗೆ ಹೊರಟುಹೋದರು.

ಬಂದೂಕು ಬೀದರಿನ ನನ್ನ ಮನೆಯ ಕಪಾಟಿನಲ್ಲಿತ್ತು, ಕೀಲಿ ನನ್ನ ಜೇಬಿನಲ್ಲಿ. ಭಾನುವಾರ ಔರಾದ ಹತ್ತಿರ ಗೆಳೆಯನ ಹೊಲದಾಚೆಯ ಒಣಗಿದ ಕೆರೆಗೆ ಒಬ್ಬನೇ ಹೋದೆ. ಮಟಮಟ ಮಧ್ಯಾಹ್ನ, ಸುತ್ತ ಬಿರುಕು ಬಿಟ್ಟ ಮಣ್ಣು, ಒಂದು ಜಾಲಿಗಿಡ. ತುಂಬುವ ಮೊದಲು ಗಜ ಹಾಕಲಿಲ್ಲ. ಠಣ್ ಎಂದದ್ದನ್ನು ನಾನೇ ಕೇಳಿದ್ದೆನಲ್ಲ, ಮತ್ತೇಕೆ ಎನ್ನಿಸಿತು. ಮದ್ದು ಹೊಯ್ದೆ, ನನ್ನ ಹಳೆಯ ಬಿಳಿ ಅಂಗಿಯ ಚೂರಿನಲ್ಲಿ ಗುಂಡು ಸುತ್ತಿ ದೂಡಿದೆ. ಅವಸರದಲ್ಲಿ ಬೆರಳು ಅಳೆಯಲೂ ಇಲ್ಲ. ಬಂದೂಕೆತ್ತಿ ಹಿಡಿಗೆ ಕೆನ್ನೆ ಒತ್ತಿದೆ.

ಆಗ ಕೆನ್ನೆಯ ಕೆಳಗೆ ಕಟ್ಟಿಗೆಯನ್ನು ಯಾರೋ ಎರಡು ಸಲ ತಟ್ಟಿದರು. ಸದ್ದಾಗಲಿಲ್ಲ. ದವಡೆಯ ಎಲುಬಿಗೆ ಮಾತ್ರ ತಾಕಿತು. ಬಂದೂಕು ಇಳಿಸಿದೆ. ಕೆರೆಯಲ್ಲಿ ಯಾರೂ ಇರಲಿಲ್ಲ. ಗಜ ಹಾಕಿ ಅಳೆದೆ. ಎಂಟು ಬೆರಳು ಹೊರಗಿತ್ತು. ಒಳಗೆ ಒಂದಲ್ಲ, ಎರಡು ಗುಂಡು.

ಟ್ರಿಗರ್ ಎಳೆದಿದ್ದರೆ ನಳಿಕೆ ನನ್ನ ಮುಖದ ಮುಂದೆಯೇ ಸೀಳುತ್ತಿತ್ತು. ಕಾಶಪ್ಪನ ಬಂದೂಕು ಒಡೆಯಿತಂತೆ ಎಂಬ ಒಂದು ಮಾತಿಗೆ ಅವರ ಕಸುಬೂ ಮುಗಿಯುತ್ತಿತ್ತು. ನಳಿಕೆಗೆ ನೀರು ಹೊಯ್ದು, ತುದಿಗೆ ತಿರುಪಿದ್ದ ಸಲಾಕೆಯಿಂದ ಮೆಲ್ಲಗೆ ಒಳಗಿನದನ್ನು ತೆಗೆದೆ. ಮೊದಲು ನನ್ನ ಬಿಳಿ ಬಟ್ಟೆಯ ಗುಂಡು ಬಂತು. ಅದರ ಕೆಳಗಿನ ಗುಂಡಿಗೆ ಕೆಂಪು ರುಮಾಲಿನ ಚೂರು ಸುತ್ತಿತ್ತು.

ಮುಂದಿನ ವಾರ ಒರೆಸಿ ಒಣಗಿಸಿ ಹತ್ತು ಗುಂಡು ಹಾರಿಸಿದೆ, ಗುರಿಯಿಟ್ಟಲ್ಲೇ ಹೋದವು. ಅಂಗಡಿಯವರಿಗೆ ಸೈ ಎಂದೆ, ಉಳಿದದ್ದು ಹೇಳಲಿಲ್ಲ. ಕಾಕಾಗೆ ಕರೆ ಹೋಯಿತು. ಅವರು ಭಾಲ್ಕಿಗೆ ಮರಳಿದ ಮೇಲೆ ಕೆಂಪು ಚೂರನ್ನು ಅವರ ಕೈಗಿಟ್ಟು, ಅದು ಎಲ್ಲಿ ಸಿಕ್ಕಿತೆಂದು ಹೇಳಿದೆ. ಬಿಡಿಸಿ, ಅಂಚನ್ನು ಬೆರಳಿನಿಂದ ಸವರಿ ನೋಡಿದರು.

"ನಂದೇ ಅದರಿ. ಮೂರು ಹಾರಿಸಿ ನಾಕನೇದು ತುಂಬಿ ಮರ್ತೀನಿ. ತಪ್ಪು ನಂದು."

"ಗಜ ಠಣ್ ಅಂದಿತ್ತಲ್ಲ ಕಾಕಾ, ನಾನೇ ಕೇಳೀನಿ."

"ನನ್ನ ಉಳಸಲಾಕ ಹಂಗ ಅಂತೀರಿ ನೀವು."

ಅದೇ ದಿನ ಬೀದರಿಗೆ ಬಂದು ಅಂಗಡಿಯವರ ಮುಂದೆಯೂ ತಪ್ಪು ಒಪ್ಪಿಕೊಂಡರು. ಕೆಲಸ ಕೈತಪ್ಪೀತೆಂಬುದು ಅವರಿಗೆ ಗೊತ್ತಿತ್ತು. ಅಂಗಡಿಯವರು, ಇಂಥ ಕಮ್ಮಾರನನ್ನು ಬಿಟ್ಟರೆ ಇನ್ನಾರಿಗೆ ಕೊಡಲಿ ಎಂದು ಕೆಲಸ ಕೊಟ್ಟರು.

ಈಗಲೂ ಲೆಕ್ಕ ಕೂಡುವುದಿಲ್ಲ. ಕಾಕಾ ಹೇಳಿದ್ದು ನಿಜವಾದರೆ ಆ ದಿನದ ಠಣ್ ಎಂಬ ಸದ್ದು ಆಗಿಯೇ ಇಲ್ಲ. ನಾನು ಕೇಳಿದ್ದು ನಿಜವಾದರೆ ಆ ಕೆಂಪು ಬಟ್ಟೆ ಒಳಗೆ ಹೋಗಲು ದಾರಿಯೇ ಇಲ್ಲ. ಕೆನ್ನೆಗೆ ತಾಕಿದ್ದು ನನ್ನದೇ ನಾಡಿಯ ಬಡಿತವಿದ್ದೀತು. ಆದರೆ ಎರಡಕ್ಕೇ ಏಕೆ ನಿಂತಿತು? ಅದನ್ನು ಕಾಕಾಗೆ ನಾನು ಹೇಳಲೇ ಇಲ್ಲ. ನೀವೇ ನನ್ನನ್ನು ಉಳಿಸಿದಿರಿ ಎಂದಿದ್ದರೆ, ಅದನ್ನೂ ಸಮಾಧಾನದ ಮಾತೆಂದೇ ತಿಳಿಯುತ್ತಿದ್ದರು.

ಬಂದೂಕು ಇನ್ನೂ ನನ್ನ ಬಳಿ ಇದೆ. ಪ್ರತಿಸಲ ತುಂಬುವ ಮೊದಲು ಗಜ ಬಿಡುತ್ತೇನೆ. ಠಣ್ ಎನ್ನುತ್ತದೆ. ತೆಗೆದು, ಮತ್ತೊಮ್ಮೆ ಬಿಡುತ್ತೇನೆ.