ಬಡಿದು ಕೇಳಿದ ಸಾಲು

‘ಸೂಪರ್!’

ಶಿವರಾಜನ ವರದಿ ಓದಿದ ಮೂವರು ಸಹಪಾಠಿಗಳು ಬರೆದ ವಿಮರ್ಶೆ ಇಷ್ಟೇ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬರವಣಿಗೆ ಕಲಿಸುವವನು (ಹೌದು, ಅವರಿಗೂ ಅದನ್ನು ಕಲಿಸಬೇಕು!). ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಪ್ಪು ಹೇಳಬೇಕು. ಆಮೇಲೆ ಬರೆದವರು ತಮಗೇನು ಹೊಳೆಯಿತೆಂದು ಒಂದು ಪುಟ ಬರೆಯಬೇಕು. ಆದರೆ ನಾಲವಾರ, ವಾಡಿಯಿಂದ ಒಂದೇ ರೈಲಿನಲ್ಲಿ ಬಂದು ಒಂದೇ ಬುತ್ತಿಡಬ್ಬಿಯಲ್ಲಿ ಉಣ್ಣುವ ಗೆಳೆಯರು ಪರಸ್ಪರ ತಪ್ಪು ಹೇಳುತ್ತಾರೆಯೇ?

ಕೊನೆಗೆ ವರದಿಯನ್ನು ಅದೇ ತರಗತಿಯ ರೇಣುಕಾಳಿಗೆ ಕೊಟ್ಟೆ. ಶಹಾಬಾದಿನ ಹುಡುಗಿ, ಮಾತು ಕಡಿಮೆ. ಅವಳು ವರದಿಯನ್ನು ಶಿವರಾಜನಿಗೇ ವಾಪಸ್ ಕೊಟ್ಟು, “ನೀನೇ ಜೋರಾಗಿ ಓದು” ಎಂದು ಕಣ್ಣು ಮುಚ್ಚಿ ಕುಳಿತಳು.

“ಇದೇನವ್ವಾ?” ಅಂದೆ.

“ನಮ್ಮಪ್ಪ ಖಣಿಯಾಗ ಫರ್ಶಿ ತೆಗೀತಾರ್ರಿ ಸರ್. ತಾವು ತೆಗೆದ ಕಲ್ಲು ತಾವು ಬಡದು ನೋಡಂಗಿಲ್ರಿ. ಇನ್ನೊಬ್ರು ಸುತ್ತಿಗಿ ಬಡದು ಕೇಳ್ತಾರ. ಒಳಗ ಸೀಳಿದ್ರ ಸಪ್ಪಳ ಬ್ಯಾರೆ ಬರ್ತದ್ರಿ.”

“ತಾವೇ ಯಾಕ ಬಡೀಬಾರ್ದು?”

“ತಮ್ಮ ಕಲ್ಲಿನ ಸಪ್ಪಳ ತಮಗ ಚಲೋನೇ ಕೇಳ್ತದ್ರಿ.”

ನಾನು ಬೆರಗಾದೆ. ನನ್ನ ಇಡೀ ಸಿಲೆಬಸ್ ಒಂದು ಮಾತಿನಲ್ಲಿ ಮುಗಿದಿತ್ತು!

ಶಿವರಾಜ ಓದಿದ. ಕಲ್ಲಿನ ಪಾಲಿಶ್ ಘಟಕವೊಂದಕ್ಕೆ ಹೋಗಿಬಂದ ವರದಿ. ಅದನ್ನು ನೋಡಿಯೇ ಆ ಘಟಕದವರು ಸೋಮವಾರ ಅವನಿಗೆ ಇಂಟರ್ನ್‌ಶಿಪ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲಿದ್ದರು. ‘ಎಲ್ಲ ಸುರಕ್ಷತಾ ಕ್ರಮಗಳನ್ನು ಪಾಲಿಸಲಾಯಿತು’ ಎಂದ ಕೂಡಲೇ ರೇಣುಕಾ ಪೆನ್ನಿನಿಂದ ಬೆಂಚು ಬಡಿದಳು.

“ಇಲ್ಲಿ ಸಪ್ಪಳ ಸರಿಯಿಲ್ಲ. ನೀ ಗಾಗಲ್ ಹಾಕ್ಕೊಂಡಿದ್ದೇನು?”

ಶಿವರಾಜ ತಲೆ ತಗ್ಗಿಸಿದ. “ಇಲ್ಲ. ಫೋಟೋ ಚಲೋ ಬರ್ಲಿ ಅಂತ ತೆಗೆದಿದ್ದೆ. ಕಲ್ಲಿನ ಚೂರು ಸಿಡದು ಹುಬ್ಬಿಗೆ ಬಡೀತು.”

ಅವನ ಹುಬ್ಬಿನ ಮೇಲಿನ ಬ್ಯಾಂಡೇಜ್ ಪಟ್ಟಿಯನ್ನು ವಾರದಿಂದ ನಾವೆಲ್ಲ ನೋಡುತ್ತಲೇ ಇದ್ದೆವು! ಕ್ರಿಕೆಟ್ ಚೆಂಡು ಬಡಿಯಿತೆಂದು ಹೇಳಿದ್ದ, ನಂಬಿದ್ದೆವು.

ಮರುದಿನ ಅವನ ಪುಟ ಬಂತು. ‘ಗಾಗಲ್ ತೆಗೆದದ್ದು ತಪ್ಪು. ಅದನ್ನು ಮುಚ್ಚಿ ಬರೆದದ್ದು ಇನ್ನೂ ದೊಡ್ಡ ತಪ್ಪು.’ ಇಷ್ಟಕ್ಕೇ ಬಿಡಲಿಲ್ಲ, ವರದಿಯಲ್ಲೂ ನಡೆದದ್ದನ್ನು ನಡೆದಂತೆಯೇ ಬರೆದಿದ್ದ.

“ಇಂಟರ್ನ್‌ಶಿಪ್ ಕೈತಪ್ಪೀತಲ್ಲೋ!” ಎಂದೆ, ಗಾಬರಿಯಿಂದ.

“ತಪ್ಪಿದ್ರ ತಪ್ಪಲಿ ಬಿಡ್ರಿ ಸರ್. ಇದನ್ನ ಓದಿ ಇನ್ನೊಬ್ಬನ ಕಣ್ಣು ಉಳದ್ರ ಸಾಕ್ರಿ.”

ಎಂಥ ಹುಡುಗರಪ್ಪಾ ಇವರು! ಸೋಮವಾರ ಇನ್ನೂ ಬಂದಿಲ್ಲ. ಏನಾಗುತ್ತದೋ, ಅವನಿಗಿಂತ ನನಗೇ ಹೆಚ್ಚು ಆತಂಕ.

ಅಂದಹಾಗೆ, ಮೊದಲ ಕರಡಿನಲ್ಲಿ ಆ ಸುಳ್ಳು ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ ‘ಗುಡ್’ ಎಂದು ಬರೆದ ಮೇಷ್ಟ್ರು ಯಾರೆಂದು ಬೇರೆ ಹೇಳಬೇಕೆ?